ಆ ಕಪ್ಪು ಪಟ್ಟಿಯನ್ನು ತೆಗೆದದ್ದು ನಾನು

ಫೋಟೋದಲ್ಲಿ ಆ ಹುಡುಗಿಯ ಕಣ್ಣುಗಳ ಮೇಲಿದ್ದ ಕಪ್ಪು ಪಟ್ಟಿಯನ್ನು ತೆಗೆದದ್ದು ನಾನು. ನೋಡಿಕೊಂಡೇ ತೆಗೆದೆ, ಬೇಕೆಂದೇ ತೆಗೆದೆ. ಕಂಪ್ಯೂಟರಿನಲ್ಲಿ ಅದು ತಾನಾಗಿ ಜಾರಿಹೋಯಿತೆಂದು ಹತ್ತು ವರ್ಷ ಹೇಳಿಕೊಂಡು ಬಂದೆ. ಹುಡುಗಿಗೆ ಹೇಳಿದೆ, ಅವಳ ತಾಯಿಗೆ ಹೇಳಿದೆ, ಮೇಲಿನವರಿಗೆ ಹೇಳಿದೆ—ಆ ಪಟ್ಟಿಯನ್ನು ಹಾಕಿಕೊಟ್ಟ ದಸ್ತಗೀರ್ ಸಾಹೇಬರಿಗೂ ಹೇಳಿದೆ. ಎಲ್ಲರೂ ನಂಬಿದರು. ನನ್ನಂಥವಳು ಸುಳ್ಳು ಹೇಳಬಹುದೆಂದು ಯಾರಿಗೂ ಅನಿಸಲಿಲ್ಲ.

ನಾನು ನರ್ಸಾಗಿ ಕೆಲಸಕ್ಕೆ ಸೇರಿ, ಹಿರಿಯ ಆರೋಗ್ಯ ಸಹಾಯಕಿಯಾಗಿ ನಿವೃತ್ತಳಾದವಳು. ಹಾಸಿಗೆಯ ಚಾದರದ ಮೂಲೆ ಸರಿಯಾಗಿ ಮಡಚಿಲ್ಲವೆಂದರೆ ಇಡೀ ಹಾಸಿಗೆಯನ್ನೇ ಎಳೆದು ನೆಲಕ್ಕೆ ಹಾಕುವ ಮೇಟ್ರನ್ ಒಬ್ಬರ ಕೈಯಲ್ಲಿ ಕಲಿತೆ. ಹೊತ್ತಿಗೆ ಏಳುವುದು, ವಸ್ತುವನ್ನು ತೆಗೆದಲ್ಲೇ ಇಡುವುದು, ಹೇಳಿದ ಹೊತ್ತಿಗೆ ಹೇಳಿದ ಮನೆಯ ಮುಂದೆ ನಿಲ್ಲುವುದು—ಇವೇ ನನ್ನ ಧರ್ಮ. ಹಿರೇಕೆರೂರು ತಾಲೂಕಿನ ಹಳ್ಳಿಗಳಲ್ಲಿ ಬಹಳ ವರ್ಷ ತಿರುಗಿದೆ. ಜನ ಸ್ವಲ್ಪ ಹೆದರಿಕೆಯಿಂದಲೇ ‘ಅಕ್ಕಾರು’ ಎನ್ನುತ್ತಿದ್ದರು. ನನ್ನ ಮನೆ ಸವಣೂರು. ವಾರವಿಡೀ ಕ್ವಾರ್ಟರ್ಸಿನಲ್ಲಿದ್ದು ರವಿವಾರ ಊರಿಗೆ ಬರುತ್ತಿದ್ದೆ.

ಹುಡುಗಿಯನ್ನು ಇಲ್ಲಿ ರೇಣುಕಾ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಅವಳ ಊರಿನ ಹೆಸರನ್ನೂ ಬರೆಯುವುದಿಲ್ಲ. ಅವಳಿಗೆ ಕ್ಷಯ ಆಗಿತ್ತು. ತಂದೆ ಇಲ್ಲ, ತಾಯಿ ಗಂಗವ್ವ ಕೂಲಿಗೆ ಹೋಗಿ ಮಗಳನ್ನು ಸಾಕಿದವಳು. ಗುಳಿಗೆಯನ್ನು ನನ್ನ ಕಣ್ಣೆದುರೇ ನುಂಗಬೇಕು, ನುಂಗಿ ಬಾಯಿ ತೆರೆದು ತೋರಿಸಬೇಕು—ಆಗಿನ ಪದ್ಧತಿ ಹಾಗಿತ್ತು. ಊರಿನಲ್ಲಿ ಗೊತ್ತಾಗಬಾರದೆಂದು ಅವಳು ದನದ ಕೊಟ್ಟಿಗೆಯ ಹಿಂದೆ ಬಂದು ನಿಲ್ಲುತ್ತಿದ್ದಳು. ನಾನು ‘ಕೂಸಿನ ತೂಕ ನೋಡಾಕ ಹೊಂಟೇನಿ’ ಎಂದು ಓಣಿಯಲ್ಲಿ ಕೂಗಿ ಹೇಳಿ, ಆ ನೆವದಲ್ಲಿ ಹಿಂದಿನಿಂದ ಹೋಗುತ್ತಿದ್ದೆ. ಯಾರಿಗೂ ಗೊತ್ತಾಗದಂತೆ ಅವಳ ಚಿಕಿತ್ಸೆ ಮುಗಿಸಿದೆ. ಅಷ್ಟು ಜತನದಿಂದ ಕಾಪಾಡಿದ ಗುಟ್ಟು ಅದು. ನಾನೇ ಕಾಪಾಡಿದ್ದು.

ಕೊನೆಯ ಗುಳಿಗೆಯ ದಿನ ಅವಳು ಮಲ್ಲಿಗೆ ಮುಡಿದು ಬಂದಿದ್ದಳು. ಗಲ್ಲ ತುಂಬಿತ್ತು. ಗುಳಿಗೆ ನುಂಗಿ, ಬಾಯಿ ತೆರೆದು ತೋರಿಸಿ, ಹಾಗೇ ನಕ್ಕುಬಿಟ್ಟಳು. ನಾನು ಮೊಬೈಲಿನಲ್ಲಿ ಫೋಟೋ ತೆಗೆದೆ. ಚಿಕಿತ್ಸೆ ಶುರುವಾದಾಗ ತೆಗೆದದ್ದೊಂದು ಮೊದಲೇ ಇತ್ತು; ಅದರಲ್ಲಿ ಅವಳು ಒಣಗಿದ ಕಡ್ಡಿಯಂತಿದ್ದಳು.

ಅದೇ ವರ್ಷ ಹುಬ್ಬಳ್ಳಿಯಲ್ಲಿ ಆರೋಗ್ಯ ಕಾರ್ಯಕರ್ತರ ಸಮ್ಮೇಳನ. ನಮ್ಮ ಕಡೆಯಿಂದ ಮಾತನಾಡಲು ನನ್ನನ್ನು ಆರಿಸಿದರು. ನಿವೃತ್ತಿ ಹತ್ತಿರದಲ್ಲಿತ್ತು. ಇಷ್ಟು ವರ್ಷ ಡಾಕ್ಟರರು ವೇದಿಕೆಯ ಮೇಲೆ, ನಾವು ಕೆಳಗೆ ಕುರ್ಚಿ ಸಾಲು ಜೋಡಿಸುವವರು. ಈ ಸಲ—ಇರಲಿ, ಅದನ್ನು ನೆಪವಾಗಿ ಹೇಳಲಾರೆ.

ಆ ಎರಡು ಫೋಟೋಗಳನ್ನು ತೋರಿಸುತ್ತೇನೆಂದು ಕೇಳಲು ರೇಣುಕಾಳ ಮನೆಗೆ ಹೋದೆ. ಅವಳು ಒಲ್ಲೆನೆನ್ನಲಿಲ್ಲ, ಆದರೆ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

“ಮಾರಿ ಕಾಣಬಾರ್ದು ನೋಡ್ರಿ ಅಕ್ಕಾರ,” ಎಂದಳು. “ಶಿಗ್ಗಾಂವಿ ಕಡಿಂದ ಲಗ್ನದ ಮಾತು ಬಂದೈತಿ. ಅವ್ರು ಒಪ್ಪಿ ಹೋಗ್ಯಾರ.”

“ಕಣ್ಣಿನ ಮ್ಯಾಲ ಕರೇ ಪಟ್ಟಿ ಹಾಕಿಸ್ತೇನಿ. ನಿಮ್ಮವ್ವಗೂ ನಿನ್ನ ಗುರ್ತು ಸಿಗೂದಿಲ್ಲ. ನನ್ನ ಮ್ಯಾಲ ಬಿಡು.”

ಒಳಗಿನಿಂದ ಗಂಗವ್ವ ನಕ್ಕಳು. “ಅಕ್ಕಾರು ಒಂದಿನಾನೂ ಗುಳಿಗಿ ತಪ್ಪಿಸಿಲ್ಲ, ಮಾತು ತಪ್ಪಸ್ತಾರೇನ? ಹಾಕ್ರಿ ಯವ್ವಾ, ನಿಮ್ಮ ಪುಣ್ಯಾದಿಂದ ಉಳದಾಳ ಅಕಿ.”

ಸ್ಲೈಡುಗಳನ್ನು ಸವಣೂರಿನ ದಸ್ತಗೀರ್ ಸಾಹೇಬರ ಅಂಗಡಿಯಲ್ಲಿ ಮಾಡಿಸಿದೆ. ಲಗ್ನಪತ್ರಿಕೆ, ಅರ್ಜಿ, ಕಾಲೇಜು ಹುಡುಗರ ವರದಿ—ಎಲ್ಲವನ್ನೂ ಅಲ್ಲಿ ಟೈಪು ಮಾಡಿ ಕೊಡುತ್ತಿದ್ದರು. ನಗಿಸುವ ಮನುಷ್ಯ. ನಾನು ಬರೆದುಕೊಂಡು ಹೋದದ್ದನ್ನೆಲ್ಲ ಒಂದೇ ಸ್ಲೈಡಿನಲ್ಲಿ ಹಾಕಿರೆಂದೆ. ಅವರು ಹಾಕಿ, ಕುರ್ಚಿಯನ್ನು ಅಂಗಡಿಯ ಬಾಗಿಲಿಗೆ ಎಳೆದು ನನ್ನನ್ನು ಅಲ್ಲಿ ಕೂಡಿಸಿದರು.

“ಈಗ ಓದ್ರಿ ಸಿಸ್ಟರ.”

“ಕಾಣವಲ್ದು.”

“ಹುಬ್ಬಳ್ಳ್ಯಾಗ ಹಿಂದ ಕುಂತವ್ರಿಗೆ ಎಲ್ಲಾರಿಗೂ ಒಂದೊಂದು ದುರ್ಬೀನು ಕೊಡ್ತೀರೇನು? ಇಲ್ಲಂದ್ರ ಅರ್ಧ ಮಾತು ನಿಮ್ಮ ಬಾಯಾಗ ಇಟ್ಕೋರಿ. ಗ್ವಾಡಿ ಮ್ಯಾಲ ಎಲ್ಲಾ ಬರದ್ರ ನಿಮ್ಮನ್ಯಾಕ ಕರಸ್ಬೇಕ್ರೀ ಅವ್ರು?”

ನಾನು ನಕ್ಕೆ. ಶಿಸ್ತಿನ ವಿಷಯವೆಂದರೆ ನನಗೆ ಬೇಗ ಹತ್ತುತ್ತದೆ. ಒಂದು ಸ್ಲೈಡಿಗೆ ಒಂದೇ ಮಾತು. ತಿಳಿ ಹಿನ್ನೆಲೆ, ದಪ್ಪ ಅಕ್ಷರ. ಕೋಷ್ಟಕ ಬೇಡ, ಚಿತ್ರ ಸಾಕು. ಪರದೆಗೆ ಬೆನ್ನು ತೋರಿಸಿ, ಮಂದಿಗೆ ಮುಖ ಕೊಟ್ಟು ಮಾತಾಡಬೇಕು. ಅಂಗಡಿಯಲ್ಲೇ ನಿಂತು, ಗೋಡೆ ಗಡಿಯಾರ ನೋಡಿಕೊಂಡು ಮತ್ತೆ ಮತ್ತೆ ಹೇಳಿ ಕಲಿತೆ. ಜೆರಾಕ್ಸಿಗೆ ಬಂದವರೂ ನಿಂತು ಕೇಳಿದರು. ಕೊನೆಯಲ್ಲಿ ಸಾಹೇಬರು ರೇಣುಕಾಳ ಜೋಡಿ ಫೋಟೋ ಹಾಕಿ ಕಣ್ಣುಗಳ ಮೇಲೆ ಕಪ್ಪು ಪಟ್ಟಿ ಎಳೆದರು. ಎಡಕ್ಕೊಂದು, ಬಲಕ್ಕೊಂದು. ನನ್ನನ್ನು ಕರೆದು ತೋರಿಸಿ, “ಯಾರ ಮನಿ ಹೆಣ್ಮಗಳೋ ಏನೋ, ನಮಗೂ ತಿಳಿಬಾರ್ದು,” ಎಂದು ಪಟ್ಟಿಯನ್ನು ಇನ್ನಷ್ಟು ಅಗಲ ಮಾಡಿದರು.

ಸಮ್ಮೇಳನದ ದಿನ ಬೆಳಿಗ್ಗೆ, ನನ್ನ ಸರದಿಗೆ ಮೊದಲು ಒಬ್ಬ ಡಾಕ್ಟರು ಮಾತಾಡಿದರು. ಕೊನೆಯಲ್ಲಿ ಒಬ್ಬ ಮುದುಕನ ಮುಖವನ್ನು ಪರದೆಯ ತುಂಬ ಹಾಕಿ ಸುಮ್ಮನೆ ನಿಂತರು. ಸಭೆಯಲ್ಲಿ ಉಸಿರಿನ ಸದ್ದೂ ಇರಲಿಲ್ಲ. ಆಮೇಲೆ ಎಂಥ ಚಪ್ಪಾಳೆ!

ನಡುವೆ ಚಹಾದ ಬಿಡುವು. ಫೈಲುಗಳನ್ನು ತೆರೆದು ನೋಡಿಕೊಳ್ಳಲು ಸಭಾಂಗಣದ ಪಕ್ಕದಲ್ಲಿ ಒಂದು ಕೋಣೆ ಇಟ್ಟಿದ್ದರು. ಅಲ್ಲಿ ಕುಳಿತು ನನ್ನ ಸ್ಲೈಡುಗಳನ್ನು ನೋಡಿದೆ. ಕೊನೆಯದಕ್ಕೆ ಬಂದೆ. ಹಲ್ಲು ಕಾಣುವ ಬಾಯಿ, ಮೇಲೊಂದು ಕರಿ ಪಟ್ಟಿ—ಪೇಪರಿನಲ್ಲಿ ಬರುವ ಕಳ್ಳರ ಫೋಟೋದ ಹಾಗೆ. ಆ ನಗು ನಗುವಾಗಿ ಕಾಣಲೇ ಇಲ್ಲ. ಅದರ ಜೀವ ಅವಳ ಕಣ್ಣಿನಲ್ಲಿತ್ತು.

ಯೋಚಿಸಿದೆ. ಯೋಚಿಸಲಿಲ್ಲ ಎಂದು ಹೇಳುವ ಹಾಗಿಲ್ಲ. ಹಿರೇಕೆರೂರು ಎಲ್ಲಿ, ಹುಬ್ಬಳ್ಳಿ ಎಲ್ಲಿ? ಇಲ್ಲಿ ಅವಳ ಗುರುತು ಯಾರಿಗೆ? ಒಂದು ಗಳಿಗೆ ಪರದೆಯ ಮೇಲೆ ಇರುತ್ತಾಳೆ, ಹೋಗುತ್ತಾಳೆ. ಮೌಸನ್ನು ಬಲಗಡೆಯ ಪಟ್ಟಿಯ ಮೇಲೆ ತಂದು ಒತ್ತಿ, ಅಳಿಸಿದೆ. ಕಣ್ಣುಗಳು ಬಂದವು. ನನ್ನನ್ನೇ ನೋಡಿ ನಕ್ಕಂತೆ ಬಂದವು. ಎಡಗಡೆಯದನ್ನೂ ಅಳಿಸಿದೆ. ಫೈಲನ್ನು ಹಾಗೇ ಉಳಿಸಿದೆ. ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡೆ.

ಮಾತು ಬಹಳ ಚೆನ್ನಾಗಿ ಆಯಿತು. ಆ ಮುಖ ಬಂದಾಗ ಸಭೆ ನಿಟ್ಟುಸಿರಿಟ್ಟಿತು. ಮುಂದಿನ ಸಾಲಿನಲ್ಲಿದ್ದ ಹಿರಿಯ ಡಾಕ್ಟರರೊಬ್ಬರು ಎದ್ದು ಬಂದು ಕೈಮುಗಿದು, “ಸಿಸ್ಟರ್, ಆ ಹುಡುಗಿಯ ಮುಖ ಮರೆಯೋಕಾಗಲ್ಲ,” ಎಂದರು. ಬಸ್ಸಿನಲ್ಲಿ ಊರಿಗೆ ಬರುವಾಗ ಆ ಮಾತನ್ನೇ ಮನಸ್ಸಿನಲ್ಲಿ ತಿರುಗಿಸಿ ತಿರುಗಿಸಿ ನೋಡಿಕೊಂಡು ಬಂದೆ. ಸಂತೋಷಪಟ್ಟೆ. ಅದನ್ನೂ ಹೇಳಿಬಿಡಬೇಕು—ನನಗೆ ಬಹಳ ಸಂತೋಷವಾಗಿತ್ತು.

ಸಭೆಯಲ್ಲಿ ಮೊಬೈಲು ಎತ್ತಿ ಫೋಟೋ ಹೊಡೆದುಕೊಂಡವರು ಹಲವರು. ಅವರಲ್ಲಿ ಶಿಗ್ಗಾಂವಿ ಕಡೆಯ ಕಾರ್ಯಕರ್ತೆಯೊಬ್ಬಳಿದ್ದಳು. ಕೆಟ್ಟ ಮನಸ್ಸಿನವಳಲ್ಲ. ನನ್ನ ಮಾತು ಮೆಚ್ಚಿ, ಆ ಸ್ಲೈಡಿನ ಫೋಟೋವನ್ನು ತನ್ನ ವಾಟ್ಸಾಪ್ ಗುಂಪಿಗೆ ಹಾಕಿದಳು. ‘ಎಲ್ಲರೂ ನೋಡಿ, ಕ್ಷಯ ಗುಣವಾಗುತ್ತದೆ’ ಎಂದು ಬರೆದಿದ್ದಳು. ಅದು ಆ ಗುಂಪಿನಿಂದ ಈ ಗುಂಪಿಗೆ ಹಾರಿ, ರೇಣುಕಾಳನ್ನು ಒಪ್ಪಿಹೋಗಿದ್ದ ಹುಡುಗನ ಅತ್ತಿಗೆಯ ಮೊಬೈಲಿಗೆ ಬಂತು.

ಹುಡುಗನ ಕಡೆಯವರು ಜಗಳ ಮಾಡಲಿಲ್ಲ. ಮೂವರು ಬಂದು, ಉಡಿ ತುಂಬಲು ತರಬೇಕೆಂದಿದ್ದ ಸೀರೆಯ ಮಾತನ್ನೇ ಎತ್ತದೆ, ‘ಹುಡುಗ ಇನ್ನೊಂದೆರಡು ವರ್ಷ ತಡೀತೇನಿ ಅಂತಾನ’ ಎಂದರಂತೆ. ಗಂಗವ್ವ ಕಾಲು ಹಿಡಿದು, ರೋಗ ಗುಣವಾಗಿದೆ, ಆ ಫೋಟೋದ ಕೆಳಗೇ ಹಾಗೆ ಬರೆದಿದೆಯಲ್ಲ ಎಂದು ಕೇಳಿದಳು. ಆಗ ಆ ಅತ್ತಿಗೆ ಹೇಳಿದಳಂತೆ: “ಗುಣ ಆಗೇತಿ ಅಂತ ಬರದಾರ, ಖರೆ. ಅಂದ್ರ ರೋಗ ಆಗಿತ್ತು ಅಂತನ ಅಲ್ಲೇನ್ರಿ? ಇದನ್ನ ಮುಚ್ಚಿಟ್ಟು ಕೊಡಾಕ ಹೊಂಟಿದ್ರಿ.”

ಮರುದಿನ ತಾಯಿ ಮಗಳು ಇಬ್ಬರೂ ನನ್ನ ಕ್ವಾರ್ಟರ್ಸಿಗೆ ಬಂದರು. ಬಾಗಿಲಲ್ಲಿ ನಿಂತು ಗಂಗವ್ವ ಕೇಳಿದ್ದು ಒಂದೇ ಮಾತು: “ಮಾತು ಕೊಟ್ಟಿದ್ರೆಲ್ಲ ಅಕ್ಕಾರ.”

ಆಗ ಹೇಳಬಹುದಿತ್ತು. ಬಾಯಿ ತೆರೆದೆ. ಬಂದದ್ದು ಬೇರೆ ಮಾತು.

“ಪಟ್ಟಿ ಹಾಕಿಸಿದ್ನೆವ್ವಾ. ಅಲ್ಲೀ ಕಂಪ್ಯೂಟರ್ ಬ್ಯಾರೇದಿತ್ತು. ಜಾರಿ ಹೋಗೇತಿ ಅನಸ್ತೈತಿ.”

ಎಷ್ಟು ಸಲೀಸಾಗಿ ಬಂತು! ಅಷ್ಟು ವರ್ಷ ನಿಜವನ್ನೇ ಹೇಳಿದ ಬಾಯಿಗೆ ಸುಳ್ಳು ಹೇಳುವುದು ಇಷ್ಟು ಸುಲಭವೇ? ರೇಣುಕಾ ಮುಂದೆ ಬಂದು ನನ್ನ ತೋಳು ಮುಟ್ಟಿದಳು. “ಮಷೀನ ಅಲ್ಲೇನ್ರಿ, ಅದಕ್ಕೇನ್ ಗೊತ್ತಾಗ್ತೈತಿ. ನೀವು ಮನಸಿಗೆ ಹಚ್ಕೋಬ್ಯಾಡ್ರಿ,” ಎಂದಳು. ಮುರಿದದ್ದು ಅವಳ ಮದುವೆ. ಸಮಾಧಾನ ಮಾಡಿದ್ದು ನನ್ನನ್ನು.

ಆ ರವಿವಾರ ದಸ್ತಗೀರ್ ಸಾಹೇಬರಿಗೂ ಅದನ್ನೇ ಹೇಳಿದೆ. ಹೇಳಲೇಬೇಕಾಗಿರಲಿಲ್ಲ—ಆದರೆ ಮೇಲಿನವರು ವಿಚಾರಿಸುತ್ತಿದ್ದರು. ನನ್ನ ಸುಳ್ಳಿಗೆ ಇನ್ನೊಬ್ಬರ ಒಪ್ಪಿಗೆ ಬೇಕಿತ್ತು. ಅವರು ಕೂಡಲೇ ಕಂಪ್ಯೂಟರಿನ ಮುಂದೆ ಕುಳಿತರು. ತಮ್ಮಲ್ಲಿದ್ದ ಪ್ರತಿಯನ್ನು ತೆರೆದರು, ಮುಚ್ಚಿದರು, ಪಕ್ಕದ ಅಂಗಡಿಯ ಹಳೆಯ ಯಂತ್ರದಲ್ಲಿ ಹಾಕಿ ನೋಡಿದರು. ಪಟ್ಟಿ ಎಲ್ಲಿಯೂ ಜಾರಲಿಲ್ಲ. ಕೊನೆಗೆ ಹಣೆ ಒರೆಸಿಕೊಂಡು ಅವರೇ ನನಗೊಂದು ಕಾರಣ ಹುಡುಕಿಕೊಟ್ಟರು.

“ಪಟ್ಟಿನ್ನ ಫೋಟೋದ ಜೋಡಿ ಸೇರಿಸಿ ಒಂದ ಮಾಡಬೇಕಿತ್ರಿ. ನಾ ಮ್ಯಾಲ ಇಟ್ಟ ಕೊಟ್ಟೆ. ಅದ ತಪ್ಪಾತು. ಯಾ ಅಲ್ಲಾ, ಒಂದು ಹೆಣ್ಣಿನ ಬಾಳೇವು ಹಾಳಾತಲ್ರಿ.”

‘ಇರಬಹುದು’ ಎಂದೆ. ಆ ಒಂದು ಮಾತನ್ನು—

ಅವರು ಅಂಗಡಿ ಮುಚ್ಚಿ, ಅವರಿಗೆ ತಿನ್ನಲು ಕೊಡಲೆಂದು ಸವಣೂರು ಖಾರದ ಪೊಟ್ಟಣ ಕಟ್ಟಿಸಿಕೊಂಡು, ಎರಡು ಬಸ್ಸು ಬದಲಿಸಿ ರೇಣುಕಾಳ ಊರಿಗೆ ಹೋದರು. ದಾರಿ ಹೇಳಿಕೊಟ್ಟದ್ದು ನಾನೇ. ಹೋಗಬೇಡಿರೆಂದು ತಡೆಯಲಿಲ್ಲ. ಗಂಗವ್ವನ ಮನೆಯ ನೆಲದ ಮೇಲೆ ಕುಳಿತು, ‘ನನ್ನ ಕೈಯಿಂದ ಆತವ್ವಾ, ಸಿಸ್ಟರ್‌ದು ಏನೂ ತಪ್ಪಿಲ್ಲ’ ಎಂದರಂತೆ. ಆಮೇಲೆ ಅವರು ಹೆಣ್ಣುಮಕ್ಕಳ ಫೋಟೋದ ಕೆಲಸವನ್ನೇ ಬಿಟ್ಟರು. ಲಗ್ನಪತ್ರಿಕೆಗೆ ಫೋಟೋ ಹಾಕಿರೆಂದವರನ್ನು ಬೇರೆ ಅಂಗಡಿಗೆ ಕಳಿಸುತ್ತಿದ್ದರು.

ನಾನು ಏನು ಮಾಡಿದೆ? ನಿವೃತ್ತಿಯ ನಂತರ ತರಬೇತಿಗಳಿಗೆ ನನ್ನನ್ನು ಕರೆಯತೊಡಗಿದರು. ಹಾನಗಲ್ಲಿನಲ್ಲಿ, ಶಿಗ್ಗಾಂವಿಯಲ್ಲಿ, ಹೊಸದಾಗಿ ಸೇರಿದ ಹುಡುಗಿಯರಿಗೆ ಸಭೆಯಲ್ಲಿ ಸ್ಲೈಡು ಹಾಕಿ ಮಾತಾಡುವುದು ಹೇಗೆಂದು ಕಲಿಸುತ್ತಿದ್ದೆ. ಕೊನೆಯಲ್ಲಿ ಪ್ರತಿ ಸಲವೂ ಈ ಕಥೆಯನ್ನು ಹೇಳುತ್ತಿದ್ದೆ—ಯಂತ್ರದ ತಪ್ಪಿನ ಕಥೆಯಾಗಿ. ‘ಪಟ್ಟಿಯನ್ನು ಫೋಟೋದೊಳಗೇ ಸೇರಿಸಿ ಉಳಿಸಿರಿ, ಇಲ್ಲದಿದ್ದರೆ ಒಬ್ಬ ಹುಡುಗಿಗೆ ಹೀಗಾಯಿತು’ ಎನ್ನುತ್ತಿದ್ದೆ. ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ನನ್ನ ಸೂಕ್ಷ್ಮ ಮನಸ್ಸನ್ನು ಹೊಗಳಿ ಶಾಲು ಹೊದಿಸಿದರು. ರೇಣುಕಾಳ ಮುಖವನ್ನು ಒಮ್ಮೆ ಮಾರಿದೆ. ಅವಳ ಸಂಕಟವನ್ನು ಎಷ್ಟು ಸಲ ಮಾರಿದೆನೋ.

ಅವಳಿಗೆ ಮತ್ತೆ ಬಂದ ಸಂಬಂಧಗಳೂ ನಿಲ್ಲಲಿಲ್ಲ. ಗಂಗವ್ವ ತೀರಿಕೊಳ್ಳುವ ಮೊದಲು ಅವಳನ್ನು ಹಾನಗಲ್ಲಿನ ಒಬ್ಬ ವಿಧುರನಿಗೆ ಕೊಟ್ಟಳು. ಅವನಿಗೆ ದೊಡ್ಡ ಮಕ್ಕಳಿದ್ದರು. ಮದುವೆಗೆ ನನಗೆ ಕರೆ ಬಂದಿತ್ತು. ಹೋಗಲಿಲ್ಲ.

ಕಳೆದ ವರ್ಷ ದಸ್ತಗೀರ್ ಸಾಹೇಬರು ಹೋದರು. ನಾನು ಮಗಳ ಮನೆಯಲ್ಲಿದ್ದೆ, ತಡವಾಗಿ ತಿಳಿಯಿತು. ಅವರ ಹೆಂಡತಿ ಜೈನಬಿಯವರನ್ನು ಮಾತಾಡಿಸಲು ಹೋದೆ. ಕುಳ್ಳಿರಿಸಿದರು, ಚಹಾ ಕೊಟ್ಟರು. ಆಸ್ಪತ್ರೆಯ ಮಾತು, ಮಕ್ಕಳ ಮಾತು ಎಲ್ಲ ಆದ ಮೇಲೆ ಅವರೇ ಎತ್ತಿದರು:

“ಆ ಹುಡಗೀದು ಮನಸಿಗೆ ಭಾಳ ಹಚ್ಕೊಂಡಿದ್ರಿ ನಮ್ಮವ್ರು. ಮೈಯಾಗ ಆರಾಮಿಲ್ಲದಾಗೂ, ‘ಅಕಿ ಛಲೋ ಇದ್ದಾಳೋ ಇಲ್ಲೋ, ಸಿಸ್ಟರ್ ಬಂದ್ರ ಕೇಳು’ ಅಂತಿದ್ರು. ಛಲೋ ಅದಾಳೇನ್ರಿ?”

‘ಅದಾಳ್ರಿ’ ಎಂದೆ. ಚಹಾ ಕುಡಿದು ಬಂದೆ. ಬಾಗಿಲವರೆಗೆ ಬಂದು ಕಳಿಸಿಕೊಟ್ಟರು.

ದಸ್ತಗೀರ್ ಸಾಹೇಬರಿಗೆ ಹೇಳುವ ಅವಕಾಶ ನನಗೆ ಇನ್ನು ಇಲ್ಲ. ಹತ್ತು ವರ್ಷದ ಪ್ರತಿ ರವಿವಾರವೂ ಆ ಅಂಗಡಿಯ ಮುಂದೆಯೇ ಹಾದುಹೋಗಿದ್ದೆ. ಪ್ರತಿ ಸಲವೂ ಎದ್ದು ನಿಂತು ನಮಸ್ಕಾರ ಮಾಡುತ್ತಿದ್ದರು.

ಅದಾದ ಮೇಲೆ ನನಗೆ ಮನೆಯಲ್ಲಿ ಕೂಡಲಾಗಲಿಲ್ಲ. ಹಾನಗಲ್ಲಿಗೆ ಹೋದೆ. ಮಧ್ಯಾಹ್ನದ ಹೊತ್ತು, ರೇಣುಕಾ ಪಡಸಾಲೆಯಲ್ಲಿ ಕುಳಿತು ಶೇಂಗಾ ಒಡೆಯುತ್ತಿದ್ದಳು. ನನ್ನನ್ನು ಕಂಡು ಎದ್ದು ಓಡಿ ಬಂದಳು. “ಅಯ್ಯ, ಅಕ್ಕಾರ! ಎಷ್ಟ ಸೊರಗೀರಿ! ಬರ್ರಿ, ಕುಂತ್ಕೋರಿ.” ನನಗೆ ಸೆರಗಿನಿಂದ ಗಾಳಿ ಹಾಕಿದಳು. ಒಳಗೆ ಹೋಗಿ ನೀರು ತಂದಳು. ತಾನು ಕುಡಿಯಲು, ತನಗೆಂದೇ ಗೂಡಿನಲ್ಲಿ ಬೇರೆ ಇಟ್ಟಿದ್ದ ಒಂದು ಲೋಟ ತೆಗೆದುಕೊಂಡಳು. ನಾನು ಅದನ್ನೇ ನೋಡುತ್ತಿರುವುದನ್ನು ಕಂಡು, “ನಮ್ಮತ್ತಿದು ಶಾಸ್ತ್ರರೀ. ಈಗ ಅವ್ರೂ ಇಲ್ಲ, ನನಗ ರೂಢಿ ಆಗೇತಿ,” ಎಂದು ನಕ್ಕಳು. ಆ ನಗು ನನಗೆ ಗೊತ್ತಿದ್ದ ನಗುವಲ್ಲ.

ನಾನು ನೀರು ಮುಟ್ಟಲಿಲ್ಲ. ಹೇಳಿದೆ. ಪಕ್ಕದ ಕೋಣೆ, ಮುದುಕನ ಫೋಟೋ, ಎರಡು ಪಟ್ಟಿ, ನನ್ನ ಬೆರಳು. ಯಾವುದನ್ನೂ ಬಿಡದೆ ಹೇಳಿದೆ. ‘ಕ್ಷಮಿಸು’ ಎಂದು ಕೇಳಬಾರದೆಂದು ಬಸ್ಸಿನಲ್ಲೇ ನಿಶ್ಚಯಿಸಿದ್ದೆ. ಕೇಳಿದರೆ ಕೊಟ್ಟುಬಿಡುವ ಸ್ವಭಾವ ಅವಳದು. ಅದನ್ನೂ ಪಡೆದುಕೊಂಡು ಬರುವ ಹಕ್ಕು ನನಗಿರಲಿಲ್ಲ.

ಅವಳು ಕೈಯಲ್ಲಿದ್ದ ಶೇಂಗಾವನ್ನು ಒಡೆಯಲೂ ಇಲ್ಲ, ಕೆಳಗೆ ಹಾಕಲೂ ಇಲ್ಲ.

“ಮಷೀನಿನ ಮ್ಯಾಲ ಸಿಟ್ಟು ಬರೂದಿಲ್ಲ ನೋಡ್ರಿ,” ಎಂದಳು ಕೊನೆಗೆ. “ಅದಕ್ಕ ಸುಮ್ನಿದ್ದೆ. ನನ್ನ ಹಣೇಬರಾ ಅಂತ ಸುಮ್ನಿದ್ದೆ. ಈಗ ಯಾರ ಮ್ಯಾಲ ಸಿಟ್ಟಾಗ್ಲಿ ಅಕ್ಕಾರ? ನನ್ನ ಬದುಕಿಸಿದ ಕೈಯಿ ಅದು.”

ಶೇಂಗಾವನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

“ಆ ಸವಣೂರಿನ ಅಣ್ಣಾರಿಗೆ ಗೊತ್ತಿತ್ತೇನು?”

“ಇಲ್ಲ. ತಮ್ಮದ ತಪ್ಪು ಅಂತ ತಿಳ್ಕೊಂಡ ಹೋದ್ರು.”

ಆಗ ಅವಳು ಅತ್ತಳು. ತನ್ನ ಮದುವೆ ಮುರಿದಾಗ ನನ್ನೆದುರು ಹನಿ ಕಣ್ಣೀರು ಹಾಕದ ಹುಡುಗಿ, ಒಂದೇ ಸಲ ಕಂಡ ಮನುಷ್ಯನಿಗಾಗಿ ಬಾಯಿಗೆ ಸೆರಗು ಇಟ್ಟುಕೊಂಡು ಅತ್ತಳು. “ನಮ್ಮವ್ವ ಎಷ್ಟ ಬೈದ್ಳು ಗೊತ್ತೇನ್ರಿ ಅವ್ರಿಗೆ? ನಿನ್ನ ಹೊಟ್ಯಾಗ ಹೆಣ್ಣು ಹುಟ್ಟಿಲ್ಲೇನು ಅಂದ್ಳು. ತಲಿ ತಗ್ಗಿಸಿ ಕೇಳ್ಕೊಂಡ್ರು.” ಇದನ್ನು ನನಗೆ ಯಾರೂ ಹೇಳಿರಲಿಲ್ಲ. ದಸ್ತಗೀರ್ ಸಾಹೇಬರೂ ಹೇಳಿರಲಿಲ್ಲ.

ಇದನ್ನು ಬರೆದು ಎಲ್ಲರಿಗೂ ತಿಳಿಸಲೇ ಎಂದು ಕೇಳಿದೆ. ಈ ಸಲ ಕೇಳಿದೆ.

“ಬರೀರಿ. ನನ್ನ ಹೆಸರು ಬ್ಯಾಡ, ಊರು ಬ್ಯಾಡ. ಅವ್ರ ಹೆಸರು ಹಾಕ್ರಿ. ಮೊದಲ ಅವ್ರ ಮನಿಗೆ ಹೋಗಿ ಹೇಳ್ರಿ,” ಎಂದಳು. ಎದ್ದು ನಿಂತಳು. ನಮ್ಮ ಕಡೆ ಮನೆಗೆ ಬಂದವರನ್ನು ‘ಹೋಗಿ ಬರ್ರಿ’ ಎಂದೇ ಕಳಿಸುತ್ತಾರೆ. ವೈರಿಯನ್ನೂ ಹಾಗೆಯೇ ಕಳಿಸುತ್ತಾರೆ. ಅವಳು ಏನೂ ಹೇಳಲಿಲ್ಲ. ಬಾಗಿಲು ಹಿಡಿದು, ನಾನು ಮೆಟ್ಟಿಲು ಇಳಿಯುವುದನ್ನು ನೋಡುತ್ತ ನಿಂತಿದ್ದಳು.

ಹಾನಗಲ್ಲಿನಿಂದ ನೇರ ಸವಣೂರಿನ ಆ ಮನೆಗೆ ಹೋದೆ. ಜೈನಬಿಯವರು ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದರು. ‘ಬರ್ರಿ ಸಿಸ್ಟರ, ಒಳಗ ಬರ್ರಿ, ಚಹಾ ಇಡ್ತೇನಿ’ ಎಂದರು. ಒಳಗೆ ಹೋಗಲಿಲ್ಲ. ಒಳಗೆ ಹೋದರೆ ಕೂಡುತ್ತೇನೆ, ಕೂತರೆ ಚಹಾ ಬರುತ್ತದೆ, ಆಮೇಲೆ ಹೇಳಲು ಬಾಯಿ ಏಳುವುದಿಲ್ಲ. ಅಲ್ಲೇ ಅಂಗಳದಲ್ಲಿ ನಿಂತು ಹೇಳಿದೆ. ನಿಮ್ಮ ಯಜಮಾನರ ಕೆಲಸದಲ್ಲಿ ಏನೂ ತಪ್ಪಿರಲಿಲ್ಲ, ಅದು ನಾನು—ನಾನೇ.

ಅವರು ಕೊನೆಯವರೆಗೂ ಕೇಳಿದರು. ಹಗ್ಗದ ಮೇಲೆ ಉಳಿದಿದ್ದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ತೋಳಿನ ಮೇಲೆ ಹಾಕಿಕೊಂಡರು. ಆಮೇಲೆ ನನ್ನ ಕಡೆ ನೋಡದೆ ಒಳಗೆ ಹೋದರು. ನಾನು ಬಹಳ ಹೊತ್ತು ಅಂಗಳದಲ್ಲಿ ನಿಂತಿದ್ದೆ. ಯಾರೂ ಕರೆಯಲಿಲ್ಲ. ಕರೆಯಬೇಕಾಗಿಯೂ ಇರಲಿಲ್ಲ.